ಪ್ಯಾರಿಸ್ ಸಂತೆಯಲ್ಲಿ ಕೈ ಸುಮ್ಮನಿರಲಿ, ಬಾಯಿ ಮಾತಾಡಲಿ

ಪ್ರಶ್ನೆ: ದಸರಾ ರಜೆಗೆ ಮೈಸೂರಿನಿಂದ ನಾವು ನಾಲ್ವರು, ಅಂದರೆ ನಾನು, ನಮ್ಮ ಯಜಮಾನರು, ಒಂಬತ್ತು ವರ್ಷದ ಮಗ ಮತ್ತು ಎಪ್ಪತ್ತೆರಡು ದಾಟಿದ ಅತ್ತೆಯವರು, ಹನ್ನೆರಡು ದಿನ ಪ್ಯಾರಿಸ್‌ಗೆ ಹೋಗುತ್ತಿದ್ದೇವೆ. ಬ್ಯಾಸ್ಟಿಲ್ ಹತ್ತಿರ ಅಡುಗೆಮನೆ ಇರುವ ಫ್ಲ್ಯಾಟ್ ಹಿಡಿದಿದ್ದೇವೆ. ತಲುಪುವುದು ಭಾನುವಾರ ಸಂಜೆ. ಅತ್ತೆಯವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಹೋಟೆಲ್ ಊಟವೇ ಬೇಡ ಎನ್ನುತ್ತಾರೆ. ಅಲ್ಲಿಯ ಮಾರ್ಕೆಟ್‌ನಲ್ಲಿ ತರಕಾರಿ ತಂದು ಅಡುಗೆ ಮಾಡಿಕೊಳ್ಳಬಹುದೆ? ಫ್ರೆಂಚ್ ಒಂದಕ್ಷರ ಬಾರದು. ಚೌಕಾಸಿ ನಡೆಯುತ್ತದೆಯೆ? ಇಲ್ಲಿಂದ ಏನೇನು ಹೊತ್ತೊಯ್ಯಬೇಕು?

ಉತ್ತರ: ಧಾರಾಳವಾಗಿ ಮಾಡಿಕೊಳ್ಳಬಹುದು. ನೀವು ಮನೆ ಹಿಡಿದಿರುವ ಜಾಗ ಕೇಳಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಪ್ಯಾರಿಸ್‌ನಲ್ಲಿ ಒಂಬತ್ತು ವರ್ಷ ನಾನು ಸಂಸಾರ ಮಾಡಿದ್ದು 12ನೇ ವಾರ್ಡಿನಲ್ಲಿ, ಅಲಿಗ್ರ್ ಮಾರ್ಕೆಟ್‌ನ ಬೆನ್ನಿಗೆ. ನಿಮ್ಮ ಫ್ಲ್ಯಾಟ್‌ನಿಂದ ಅಲ್ಲಿಗೆ ಹತ್ತು-ಹದಿನೈದು ನಿಮಿಷದ ನಡಿಗೆ. ಸೋಮವಾರ ಬಿಟ್ಟು ವಾರದ ಎಲ್ಲ ದಿನ ಬೆಳಿಗ್ಗೆ ಇರುತ್ತದೆ. ಅದಲ್ಲದೆ, ನಾವು ಶಾಲೆಯಲ್ಲಿ ಓದಿದ ಬ್ಯಾಸ್ಟಿಲ್ ಸೆರೆಮನೆ ಇದ್ದ ಚೌಕದಿಂದಲೇ ಹೊರಡುವ ರಿಷಾರ್ ಲನ್ವಾರ್ ಎಂಬ ಅಗಲ ರಸ್ತೆಯ ನಡುವೆ ಗುರುವಾರ ಮತ್ತು ಭಾನುವಾರ ಬೆಳಿಗ್ಗೆ ದೊಡ್ಡ ಸಂತೆ ನೆರೆಯುತ್ತದೆ. ಎರಡು ಸಂತೆಗಳ ನಡುವೆ ಮನೆ ಹಿಡಿದು ಹೋಟೆಲ್ ಹುಡುಕಿಕೊಂಡು ಹೋಗುವವರನ್ನು ಕಂಡರೆ ನನಗೆ ಅರ್ಥವೇ ಆಗುವುದಿಲ್ಲ.

ಆದರೆ ಏನು ಕೊಳ್ಳಬೇಕು ಅನ್ನುವುದಕ್ಕಿಂತ ಮೊದಲು ಕೈಯ ವಿಷಯ ಹೇಳಿಬಿಡುತ್ತೇನೆ.

ದೇವರಾಜ ಮಾರುಕಟ್ಟೆಯಲ್ಲಿ ನಾವು ವ್ಯಾಪಾರ ಮಾಡುವುದೇ ಕೈಯಿಂದ. ಬೆಂಡೆಕಾಯಿಯ ತುದಿ ಮುರಿದು ನೋಡುತ್ತೇವೆ, ಸೋರೆಕಾಯಿಗೆ ಉಗುರು ನಾಟಿಸುತ್ತೇವೆ, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಹಾಗೆ ಮಾಡದವರನ್ನು ಅಂಗಡಿಯವನೇ ಪೆದ್ದರೆಂದು ತಿಳಿದುಕೊಳ್ಳುತ್ತಾನೆ. ಪ್ಯಾರಿಸ್‌ಗೆ ಹೋದ ಮೊದಲ ವಾರ ಅದೇ ಅಭ್ಯಾಸಬಲದಿಂದ ಒಂದು ಅಂಗಡಿಯಲ್ಲಿ ಟೊಮೇಟೊ ರಾಶಿಗೆ ಕೈ ಹಾಕಿ ಒಂದನ್ನು ಒತ್ತಿ ನೋಡಿದೆ. "ಆನ್ ನ ತೂಶ್ ಪಾ, ಮದಾಮ್!" ಅಂತ ಒಂದು ಕೂಗು ಬಂತು. ಮುಟ್ಟಬಾರದು ಅಂತ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಬೇರೆ ದೇಶದವಳು ಅಂತ ಹೀಗೆ ಅಂದನೋ ಏನೋ ಎಂದು ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದೆ. ಎರಡೇ ನಿಮಿಷಕ್ಕೆ, ಅಲ್ಲಿಯೇ ಹುಟ್ಟಿ ಬೆಳೆದಂತೆ ಕಾಣುತ್ತಿದ್ದ ಒಬ್ಬ ಅಜ್ಜಿ ಏಪ್ರಿಕಾಟ್ ಮುಟ್ಟಿದರು. ಅವರಿಗೆ ಇನ್ನೂ ಜೋರಾಗಿ ಬಿತ್ತು. ಆಮೇಲೆ ಸಮಾಧಾನವಾಯಿತು.

ಆ ರಾಶಿಗಳನ್ನು ಬೆಳಕು ಹರಿಯುವ ಮೊದಲೇ ಎದ್ದು ಒಂದೊಂದಾಗಿ ಜೋಡಿಸಿರುತ್ತಾರೆ. ನೂರು ಜನ ಒತ್ತಿ ನೋಡಿದ ಅಂಜೂರವನ್ನು ನೂರೊಂದನೆಯವರು ಯಾರು ಕೊಳ್ಳುತ್ತಾರೆ? ಆರಿಸುವುದು ಅಲ್ಲಿ ಮಾರುವವರ ಕೆಲಸ. ಕೆಲವು ಅಂಗಡಿಗಳಲ್ಲಿ ಕಾಗದದ ಚೀಲಗಳನ್ನು ಗೊಂಚಲಾಗಿ ನೇತುಹಾಕಿರುತ್ತಾರೆ ಅಥವಾ ಪ್ಲಾಸ್ಟಿಕ್ ಬೋಗುಣಿ ಇಟ್ಟಿರುತ್ತಾರೆ. ಅಂಥ ಕಡೆ ನೀವೇ ಆರಿಸಿ ತುಂಬಿಕೊಳ್ಳಬಹುದು, ಅಲಿಗ್ರ್‌ನಲ್ಲಿ ಇಂಥವೂ ಸಿಗುತ್ತವೆ. ಗೊತ್ತಾಗದಿದ್ದರೆ ನಿಮ್ಮ ಮುಂದಿನವರು ಏನು ಮಾಡುತ್ತಾರೋ ಅದನ್ನೇ ಮಾಡಿ.

ಹಾಗಾದರೆ ಕೊಳೆತದ್ದನ್ನು ತುಂಬಿಕೊಟ್ಟರೆ? ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಬಂದಿರುತ್ತದೆ. ಪೇರ್ ಹಣ್ಣಿನ ಕಥೆ ಹೇಳುತ್ತೇನೆ. ನೀವು ಹೋಗುವ ಅಕ್ಟೋಬರ್ ಅದರ ಕಾಲವೇ. ಮರದಲ್ಲಿ ಹಣ್ಣಾಗಲು ಬಿಡದೆ ಕಾಯಿಯಾಗಿದ್ದಾಗಲೇ ಕಿತ್ತು, ಮನೆಯಲ್ಲಿ ಹಣ್ಣಾಗಿಸಿ ತಿನ್ನುವ ಹಣ್ಣದು. ಒಮ್ಮೆ ಒಬ್ಬ ಅಂಗಡಿಯಾಕೆಯ ಹತ್ತಿರ ನಾಲ್ಕು ಪೇರ್ ಕೇಳಿದೆ. ಆಕೆ ತಕ್ಕಡಿಯ ಕಡೆ ಹೋಗದೆ ನನ್ನನ್ನೇ ನೋಡಿ "ಪೂರ್ ಕಾಂ?" ಅಂದಳು. ಯಾವಾಗ ತಿನ್ನುವುದಕ್ಕೆ? ಎರಡು ಇವತ್ತು ರಾತ್ರಿಗೆ, ಎರಡು ಭಾನುವಾರಕ್ಕೆ ಅಂದೆ. ಆಕೆ ಹೆಬ್ಬೆರಳಿನಿಂದ ತೊಟ್ಟಿನ ಪಕ್ಕ, ಅಲ್ಲಿ ಮಾತ್ರ, ಹಗುರವಾಗಿ ಒತ್ತುತ್ತಾ ಹೋದಳು. ಹೊಟ್ಟೆಯ ಭಾಗ ಮೆತ್ತಗಾಗುವ ಹೊತ್ತಿಗೆ ಪೇರ್ ಒಳಗೆ ಕಂದಿಹೋಗಿರುತ್ತದೆ, ಹಣ್ಣಾದದ್ದು ಮೊದಲು ಗೊತ್ತಾಗುವುದು ತೊಟ್ಟಿನ ಹತ್ತಿರ. ಎರಡನ್ನು ಒಂದು ಚೀಲಕ್ಕೆ, ಎರಡನ್ನು ಇನ್ನೊಂದಕ್ಕೆ ಹಾಕಿ, ಚೀಲದ ಎರಡು ಕಿವಿ ಹಿಡಿದು ಗಿರ್ರನೆ ಒಂದು ಸುತ್ತು ತಿರುಗಿಸಿ ಗಂಟಾಗಿಸಿ ಕೊಟ್ಟಳು. ಭಾನುವಾರದ್ದು ಭಾನುವಾರಕ್ಕೇ ಸರಿಯಾಗಿ ಹಣ್ಣಾಗಿತ್ತು. ಆಮೇಲೆ ಅಲ್ಲಿದ್ದಷ್ಟು ಕಾಲ ನಾನು ಬೇರೆ ಕಡೆ ಪೇರ್ ಕೊಂಡಿಲ್ಲ.

ಹಾಗಾಗಿ ನೀವು ಕಲಿಯಬೇಕಾದ ಫ್ರೆಂಚ್‌ನಲ್ಲಿ ಅರ್ಧ ಇದೇ: "ಪೂರ್ ಸ ಸ್ವಾರ್", ಇವತ್ತು ಸಂಜೆಗೆ. "ಪೂರ್ ದ್ಮ್ಯಾಂ", ನಾಳೆಗೆ. ಪೇರ್, ಬೆಣ್ಣೆಹಣ್ಣು, ಅಂಜೂರ, ಟೊಮೇಟೊ, ಯಾವುದಕ್ಕಾದರೂ ಹೇಳಿ. ಕೈಯಿಂದ ತಿಳಿಯಬೇಕಾದದ್ದನ್ನು ಬಾಯಿಂದ ಹೇಳಿದರೆ ಅಂಗಡಿಯವರು ತಮ್ಮ ಕೈಯಿಂದ ಮಾಡಿಕೊಡುತ್ತಾರೆ. ಉಳಿದರ್ಧ ಇನ್ನೂ ಸುಲಭ. ಎದುರು ನಿಂತ ಕೂಡಲೇ, ಬೇರೇನೂ ಹೇಳುವ ಮೊದಲು "ಬೊಂಜೂರ್" ಅನ್ನಿ. ಇದು ಬರೀ ಶಿಷ್ಟಾಚಾರ ಅಂತ ತಿಳಿಯಬೇಡಿ. ನಮಸ್ಕಾರ ಹೇಳದೆ "ಒನ್ ಕೇಜಿ ಟೊಮ್ಯಾಟೊ" ಅಂದರೆ ಅವರಿಗೆ ಅದು ಯಾರೋ ಬಾಗಿಲು ತಟ್ಟದೆ ಒಳಗೆ ನುಗ್ಗಿದ ಹಾಗೆ. ಪ್ಯಾರಿಸ್‌ನವರು ಒರಟರು ಅಂತ ಬಂದು ಹೇಳುವ ನಮ್ಮವರಲ್ಲಿ ಮುಕ್ಕಾಲು ಜನ ಬೊಂಜೂರ್ ಅಂದಿರುವುದಿಲ್ಲ, ಇದು ನನ್ನ ಖಚಿತ ಅಭಿಪ್ರಾಯ. ಒಂದು ಸಾಮಾನು ಕೊಟ್ಟಮೇಲೆ "ಎ ಅವೆಕ್ ಸಸಿ?" ಅಂತ ಕೇಳುತ್ತಾರೆ, ಮತ್ತೇನು ಬೇಕು ಅಂತ. ಸಾಕಾದರೆ "ಸೆ ತೂ, ಮೆರ್ಸಿ". ಬೇಕಾದ್ದರ ಕಡೆ ಬೆರಳು ತೋರಿಸಿ "ಸಿಲ್ ವು ಪ್ಲೆ" ಅಂದರೆ ದಯವಿಟ್ಟು ಕೊಡಿ ಅಂತಾಗುತ್ತದೆ. ನಿಮ್ಮ ಮಗನಿಗೆ ಇದನ್ನೆಲ್ಲ ಕಲಿಸಿ, ಅವನನ್ನೇ ಮುಂದೆ ಬಿಡಿ. ಮಕ್ಕಳು ಬೊಂಜೂರ್ ಅಂದರೆ ದ್ರಾಕ್ಷಿಯ ಒಂದು ಸಣ್ಣ ಗೊಂಚಲು ಪುಕ್ಕಟೆ ಬರುವ ಸಾಧ್ಯತೆ ಚೆನ್ನಾಗಿದೆ.

ಬೆಲೆಯ ಹಲಗೆ ಓದುವುದರಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿ ಕೈಬರಹದ 1ಕ್ಕೆ ತಲೆಯ ಮೇಲೆ ಉದ್ದನೆಯ ಕೊಕ್ಕೆ ಇರುತ್ತದೆ, ನಮ್ಮ ಕಣ್ಣಿಗೆ ಅದು 7ರಂತೆಯೇ ಕಾಣುತ್ತದೆ. ಅವರ 7ಕ್ಕೆ ಹೊಟ್ಟೆಯಲ್ಲಿ ಅಡ್ಡಗೆರೆ ಇರುತ್ತದೆ. ಅಡ್ಡಗೆರೆ ಇಲ್ಲದಿದ್ದರೆ ಅದು ಒಂದು. ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ, ಹಾಗಾಗಿ 2,50 ಅಂದರೆ ಎರಡೂವರೆ ಯೂರೊ. ಬೆಲೆಯ ಪಕ್ಕದಲ್ಲಿ ಏನು ಬರೆದಿದೆ ನೋಡಿ. ಕಿಲೋಗೋ, "ಲಾ ಪಿಯೆಸ್" ಅಂದರೆ ಒಂದಕ್ಕೋ, "ಲಾ ಬೊತ್" ಅಂದರೆ ಕಟ್ಟಿಗೋ, "ಲಾ ಬಾರ್ಕೆತ್" ಅಂದರೆ ಆ ಸಣ್ಣ ಡಬ್ಬಿಗೋ. ಎಲೆಕೋಸು ಅಗ್ಗ ಅಂತ ಕೊಂಡು ಆಮೇಲೆ ನೋಡಿದರೆ ಅದು ಕಿಲೋ ಲೆಕ್ಕದ್ದು, ಕೋಸು ಎರಡೂವರೆ ಕಿಲೋ ತೂಗುತ್ತದೆ, ಇಂಥವು ನನಗೂ ಆಗಿವೆ. "ಉನ್ ಲೀವ್ರ್" ಅನ್ನುವ ಮಾತು ಕಿವಿಗೆ ಬಿದ್ದರೆ ಅದು ಹಳೆಯ ಕಾಲದ ತೂಕ, ಈಗ ಸರಿಯಾಗಿ ಅರ್ಧ ಕಿಲೋ. ನೀವು ನಾಲ್ವರಿಗೆ ಹೆಚ್ಚಿನವೆಲ್ಲ ಒಂದು ಲೀವ್ರ್ ಸಾಕು. ಬಾಯಲ್ಲಿ ಹೇಳುವ ಬೆಲೆ ಹಿಡಿಯಲು ಹೋಗಬೇಡಿ. ಅವರಲ್ಲಿ ಎಪ್ಪತ್ತು ಅಂದರೆ ಅರವತ್ತು-ಹತ್ತು, ಎಂಬತ್ತು ಅಂದರೆ ನಾಲ್ಕು-ಇಪ್ಪತ್ತುಗಳು, ತೊಂಬತ್ತು ಅಂದರೆ ನಾಲ್ಕು-ಇಪ್ಪತ್ತುಗಳು-ಹತ್ತು. ತಕ್ಕಡಿಯ ಮೇಲಿನ ಅಂಕಿ ನೋಡಿ ದುಡ್ಡು ಕೊಡಿ. ಚಿಲ್ಲರೆ ಯೂರೊ ನಾಣ್ಯಗಳು ಕೈಯಲ್ಲಿರಲಿ. ಕಾರ್ಡ್ ತೆಗೆದುಕೊಳ್ಳುವವರೂ ಇಷ್ಟು ಯೂರೊಗಿಂತ ಕಡಿಮೆಯಾದರೆ ಬೇಡ ಅಂತ ಬೋರ್ಡು ಹಾಕಿರುತ್ತಾರೆ. ತರಕಾರಿಗೆ ತೆಳು ಪ್ಲಾಸ್ಟಿಕ್ ಚೀಲ ಕೊಡುವುದನ್ನು 2017ರಿಂದಲೇ ನಿಲ್ಲಿಸಿದ್ದಾರೆ, ಮನೆಯಿಂದ ಎರಡು ಬಟ್ಟೆಚೀಲ ಒಯ್ಯಿರಿ.

ಚೌಕಾಸಿ ಇಲ್ಲ. ಹಲಗೆಯಲ್ಲಿ ಬರೆದ ಬೆಲೆಯೇ ಬೆಲೆ. ಅದನ್ನು ಇಳಿಸಿ ಅಂದರೆ ಅವರಿಗೆ ಸಿಟ್ಟಿಗಿಂತ ಹೆಚ್ಚಾಗಿ ಗಲಿಬಿಲಿಯಾಗುತ್ತದೆ. ಆದರೆ ಕೇಳದೆಯೇ ಬೆಲೆ ಇಳಿಯುವ ಹೊತ್ತು ಒಂದಿದೆ. ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ, ಸಂತೆ ಎತ್ತುವ ಮೊದಲು. ಉಳಿದದ್ದನ್ನು ಮತ್ತೆ ವ್ಯಾನಿಗೆ ಹೇರುವ ಕಷ್ಟ ಬೇಡವೆಂದು ಅಲಿಗ್ರ್ ರಸ್ತೆಯಲ್ಲಿ ಎರಡು ಕಡೆಯಿಂದಲೂ ಕೂಗತೊಡಗುತ್ತಾರೆ. ಡಬ್ಬಿಗೆ ಒಂದು ಯೂರೊ, ಎರಡು ಕಟ್ಟಿಗೆ ಒಂದು ಯೂರೊ. ಅವತ್ತೇ ಅಡುಗೆ ಮಾಡುವುದಾದರೆ ಇದು ಒಳ್ಳೆಯ ವ್ಯಾಪಾರ. ಎರಡು ದಿನ ಇಡಬೇಕೆಂದರೆ ಬೇಡ, ಆ ಹೊತ್ತಿಗೆ ಉಳಿದಿರುವುದು ಬಹುತೇಕ ಅವತ್ತೇ ತಿಂದು ಮುಗಿಸಬೇಕಾದ ಹಣ್ಣು. ನನ್ನ ಪದ್ಧತಿ ಹೀಗಿತ್ತು. ಸೊಪ್ಪು, ಹಣ್ಣು ಬೆಳಿಗ್ಗೆ ಒಂಬತ್ತಕ್ಕೆ ತರುತ್ತಿದ್ದೆ. ಗೊಜ್ಜಿಗೆ, ತೊಕ್ಕಿಗೆ ಬೇಕಾದ ಟೊಮೇಟೊ ಮಾತ್ರ ಒಂದೂಕಾಲಕ್ಕೆ.

ಇನ್ನು ಯಾರ ಹತ್ತಿರ ಕೊಳ್ಳುವುದು. ಸಂತೆ ಅಂದಮೇಲೆ ಎಲ್ಲರೂ ರೈತರೇ ಅಂತ ನಮ್ಮವರು ಭಾವಿಸುತ್ತಾರೆ. ಹಾಗಿಲ್ಲ. ಪ್ಯಾರಿಸ್‌ನ ನಡುಮಧ್ಯದಲ್ಲಿದ್ದ ಲೆ ಆಲ್ ಎಂಬ ಸಗಟು ಮಾರುಕಟ್ಟೆಯನ್ನು 1969ರಲ್ಲಿ ಊರಾಚೆ ರಂಜಿಸ್ ಎಂಬಲ್ಲಿಗೆ ಸಾಗಿಸಿದರು. ಇವತ್ತು ಸಂತೆಯಲ್ಲಿ ನಿಂತವರಲ್ಲಿ ಹೆಚ್ಚಿನವರು ಅಲ್ಲಿಂದಲೇ ತಂದು ಮಾರುವವರು. ನಮ್ಮ ಎಪಿಎಂಸಿಯಿಂದ ತಂದು ಮಾರುವ ಹಾಗೆ, ಅದರಲ್ಲಿ ತಪ್ಪೇನಿಲ್ಲ. ತಾವೇ ಬೆಳೆದು ತಂದವರು "ಪ್ರೊದ್ಯುಕ್ತ್ಯೋರ್" ಅಂತ ಬೋರ್ಡು ಹಾಕಿರುತ್ತಾರೆ. ಬೋರ್ಡಿಗಿಂತ ರಾಶಿ ನೋಡಿ ತಿಳಿಯುವುದು ಸುಲಭ. ಬಾಳೆಹಣ್ಣು, ಅನಾನಸ್, ಮಾವಿನಹಣ್ಣು ಎಲ್ಲ ಇದ್ದರೆ ಅದು ರಂಜಿಸ್ ಮಾಲು. ಮಣ್ಣು ಮೆತ್ತಿದ ಕ್ಯಾರೆಟ್, ನಾಲ್ಕು ಥರದ ಸೊಪ್ಪು, ಎರಡು ಥರದ ಕುಂಬಳ, ಅಷ್ಟೇ ಇದ್ದರೆ ರೈತ. ಎಲ್ಲಿಯದು ಅಂತ ಪ್ರತಿ ಹಲಗೆಯಲ್ಲೂ ಬರೆದಿರಬೇಕು, ಅದು ಕಾನೂನು. ಸ್ಪೇನ್, ಮೊರಾಕೊ, ಫ್ರಾನ್ಸ್ ಎಂಬ ಹೆಸರುಗಳು ನಿಮಗೆ ಗುರುತು ಸಿಗುತ್ತವೆ. ಎಲ್ಲಿಯೇ ಕೊಂಡರೂ ಒಂದೇ ಅಂಗಡಿಗೆ ಮೂರು ಸಲ ಹೋಗಿ. ಮೂರನೇ ಸಲಕ್ಕೆ ನಿಮ್ಮ ಗುರುತು ಹಿಡಿದು, ನಿಮ್ಮ ಚೀಲಕ್ಕೆ ಬೀಳುವ ಹಣ್ಣಿನ ಗತ್ತೇ ಬೇರೆಯಾಗಿರುತ್ತದೆ.

ಸೊಪ್ಪಿನ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ಮೊದಲು ಒಂದು ಪೆಚ್ಚಾದ ಪ್ರಸಂಗ. ಕೊತ್ತಂಬರಿ ಅಂತ ದೊಡ್ಡ ಕಟ್ಟು ತಂದು, ತಿಳಿಸಾರಿಗೆ ಹಾಕಿ, ರುಚಿ ನೋಡಿದರೆ ಹುಲ್ಲು ಹಾಕಿದ ಹಾಗಿತ್ತು. ಅದು "ಪರ್ಸಿ". ಎಲೆ ನೋಡಿದರೆ ಕೊತ್ತಂಬರಿಯ ಅಕ್ಕನೇ, ವಾಸನೆಯಲ್ಲಿ ಮಾತ್ರ ಬೇರೆ ಮನೆತನ. ಮುಟ್ಟಬಾರದು ಅಂದಮೇಲೆ ಮೂಗಿನಿಂದ ನೋಡಬೇಕು, ಇಲ್ಲವೆ "ಕೊರಿಯಾಂದ್ರ್?" ಅಂತ ಕೇಳಬೇಕು. ಅಲಿಗ್ರ್‌ನಲ್ಲಿ ಉತ್ತರ ಆಫ್ರಿಕದ ಮೂಲದ ವ್ಯಾಪಾರಿಗಳು ಬಹಳ. ಅವರ ಅಡುಗೆಗೂ ಕೊತ್ತಂಬರಿ, ಪುದೀನ ಬೇಕೇ ಬೇಕು, ಹಾಗಾಗಿ ಅಗ್ಗವಾಗಿ ದೊಡ್ಡ ಕಟ್ಟು ಸಿಗುತ್ತದೆ.

"ಓಝೆಯ್" ಅನ್ನುವ ಎಲೆ ಕಂಡರೆ ಬಿಡಬೇಡಿ. ನಮ್ಮ ಚುಕ್ಕೆ ಸೊಪ್ಪಿನ ಜಾತಿಯದೇ, ಹುಳಿಹುಳಿ. ಬೇಳೆಗೆ ಹಾಕಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಹುಣಸೆಹಣ್ಣು ಬೇಕಿಲ್ಲ. "ಪುರ್ಪಿಯೆ" ಎಂಬುದು ಬೇರೆ ಯಾವುದೂ ಅಲ್ಲ, ಹೊಲದ ಬದುವಿನಲ್ಲಿ ಬೆಳೆಯುವ ನಮ್ಮ ಗೋಣಿ ಸೊಪ್ಪು. ಅಲ್ಲಿ ಅದನ್ನು ಸಾಲಡ್‌ಗೆ ಅಂತ ದುಬಾರಿಗೆ ಮಾರುತ್ತಾರೆ. ಅತ್ತೆಯವರಿಗೆ ತೋರಿಸಿ, ಬೆಲೆ ಕೇಳಿ ನಗುತ್ತಾರೆ. ಬೇಸಿಗೆಯ ಸೊಪ್ಪು ಅದು, ನೀವು ಹೋಗುವ ಹೊತ್ತಿಗೆ ಇನ್ನೂ ಉಳಿದಿದ್ದರೆ ಅದೃಷ್ಟ. "ಬ್ಲೆತ್" ಅಂದರೆ ಅಂಗೈ ಅಗಲದ ಬಿಳಿ ದಂಟಿನ ದೊಡ್ಡ ಸೊಪ್ಪು, ಬೀಟ್‌ರೂಟಿನ ನೆಂಟ. ಎಲೆ ಹುಳಿಗೆ, ದಂಟು ಪಲ್ಯಕ್ಕೆ ಬರುತ್ತದೆ. ಮೂಲಂಗಿ, ನವಿಲುಕೋಸುಗಳನ್ನು ಎಲೆ ಸಮೇತ ಕಟ್ಟಿ ಮಾರುತ್ತಾರೆ. ಅಲ್ಲಿಯವರು ಕೆಲವರು ಎಲೆ ಅಲ್ಲೇ ಮುರಿಸಿ ಬಿಟ್ಟುಹೋಗುತ್ತಾರೆ. ಅಂಗಡಿಯವರು ನಿಮ್ಮ ಎಲೆಗೂ ಕೈ ಹಾಕಿದರೆ "ನೋಂ, ಮೆರ್ಸಿ" ಅನ್ನಿ. ಎಳೆ ಮೂಲಂಗಿ ಸೊಪ್ಪಿಗೆ ಕಡಲೆಹಿಟ್ಟು ಉದುರಿಸಿ ಮಾಡಿದ ಪಲ್ಯ ಬಾಗೆತ್ ಎಂಬ ಉದ್ದನೆಯ ಬ್ರೆಡ್ಡಿನ ಜೊತೆ ಎಷ್ಟು ಚೆನ್ನಾಗಿ ಹೋಗುತ್ತದೆ ಅಂತ ತಿಂದೇ ನೋಡಬೇಕು.

ಅಕ್ಟೋಬರ್‌ನಲ್ಲಿ ಇನ್ನೇನು? "ಪೊತಿಮಾರೋಂ" ಎಂಬ ಕಿತ್ತಳೆ ಬಣ್ಣದ ಸಣ್ಣ ಕುಂಬಳ. ಸಿಪ್ಪೆ ತೆಗೆಯಬೇಕಾಗಿಲ್ಲ, ಬೆಂದಾಗ ಚೆಸ್ಟ್‌ನಟ್‌ನ ರುಚಿ. ಹಸಿ ಅಕ್ರೋಟ ಕೆಲವೇ ವಾರ ಬರುತ್ತದೆ. ಒಡೆದು, ಒಳಗಿನ ತಿರುಳಿನ ಮೇಲಿರುವ ತೆಳು ಹಳದಿ ಪೊರೆಯನ್ನು ಸುಲಿದು ತಿನ್ನಬೇಕು. ಪೊರೆ ಕಹಿ, ತಿರುಳು ಎಳೆ ಕೊಬ್ಬರಿಯಂತೆ ಹಾಲುಹಾಲು. ಮಗನಿಗೆ ಒಂದು ಮಧ್ಯಾಹ್ನದ ಕೆಲಸ ಆಗುತ್ತದೆ. ಅಂಜೂರ ಕೊನೆಯದು, ದ್ರಾಕ್ಷಿ ಭರ್ತಿ. ಹುರುಳಿಕಾಯಿ, ಬದನೆ, ಹೂಕೋಸು ಎಲ್ಲ ಇರುತ್ತವೆ, ಆದರೆ ಬದನೆ ಅಲ್ಲಿ ಮೊಳದುದ್ದ, ಎಣ್ಣೆಗಾಯಿಗೆ ಆಗುವುದಿಲ್ಲ. ನಮ್ಮ ಈರನಗೆರೆ ಬದನೆಯನ್ನು ಮರೆತು ಸುಟ್ಟು ಗೊಜ್ಜು ಮಾಡಿ.

ದಿನಸಿಗೆ ಅರ್ಧ ಅಡುಗೆಮನೆ ಹೊರಬೇಕಾಗಿಲ್ಲ. ಯಾವ ಸೂಪರ್‌ಮಾರ್ಕೆಟ್‌ನಲ್ಲೂ "ಲಾಂತಿಯ್ ಕೊರಾಯ್" ಸಿಗುತ್ತದೆ. ಅದು ನಮ್ಮ ಚನ್ನಂಗಿ ಬೇಳೆ. ಕುಕ್ಕರ್ ಇಲ್ಲದೆ ಕಾಲು ಗಂಟೆಯಲ್ಲಿ ಬೇಯುತ್ತದೆ, ಬಾಡಿಗೆ ಮನೆಗೆ ಇದಕ್ಕಿಂತ ಒಳ್ಳೆಯ ಬೇಳೆ ಇಲ್ಲ. ಚನ್ನಂಗಿ ಅತ್ತೆಯವರಿಗೆ ಆಗದಿದ್ದರೆ (ಕೆಲವು ಮನೆಗಳಲ್ಲಿ ಆಗುವುದಿಲ್ಲ, ಗೊತ್ತು) "ಪ್ವಾ ಕಾಸೆ", ಒಡೆದ ಬಟಾಣಿ, ನೆನೆಸಿಟ್ಟು ಬೇಯಿಸಿ. ಉಪ್ಪಿಟ್ಟಿಗೆ "ಸ್ಮೂಲ್" ಕೇಳಿ. ಫಿನ್ ಅಂದರೆ ಚಿರೋಟಿ ರವೆಯಂತೆ ಸಣ್ಣದು, ಮ್ವಾಯೆನ್ ಅಂದರೆ ನಡುಗಾತ್ರ. ಪಕ್ಕದಲ್ಲೇ ಇರುವ ಕುಸ್ಕುಸ್ ಪೊಟ್ಟಣವನ್ನು ರವೆ ಅಂತ ತರಬೇಡಿ. ಅದು ಆಗಲೇ ಹಬೆಯಲ್ಲಿ ಬೆಂದದ್ದು, ಒಲೆಯ ಮೇಲೆ ಕುದಿಸಿದರೆ ಅಂಟಾಗುತ್ತದೆ. ಬಿಸಿನೀರು ಹಾಕಿ ಮುಚ್ಚಿಟ್ಟು ಮೇಲೆ ಒಗ್ಗರಣೆ ಕೊಟ್ಟರೆ ಐದು ನಿಮಿಷದ ತಿಂಡಿ, ಅದೂ ಒಂದು ದಾರಿ. "ರೀ ರೋಂ" ಎಂಬ ಗುಂಡಕ್ಕಿ ಅವರು ಪಾಯಸಕ್ಕೆ ಇಟ್ಟಿರುವುದು. ಮೊಸರನ್ನಕ್ಕೆ, ಪೊಂಗಲಿಗೆ ಅದನ್ನು ಮೀರಿಸಿದ್ದು ಇಲ್ಲ.

ಮೊಸರು "ಯಾವೂರ್ತ್ ನಾತ್ಯೂರ್". ನಾತ್ಯೂರ್ ಅಂದರೆ ಬರೀ ಮೊಸರು, ಸಕ್ಕರೆ-ಹಣ್ಣು ಇಲ್ಲದ್ದು. ಹಾಲಿನ ಬಾಟಲಿಗೆ ಕೆಂಪು ಮುಚ್ಚಳ ಗಟ್ಟಿ ಹಾಲು, ನೀಲಿ ಅರ್ಧ ಕೆನೆ ತೆಗೆದದ್ದು, ಹಸಿರು ಪೂರ್ತಿ ತೆಗೆದದ್ದು. ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಾಮಾನು ಹೇಳುತ್ತೇನೆ: "ಲ್ಬೆನ್". ಉತ್ತರ ಆಫ್ರಿಕದವರು ಕುಡಿಯುವ ಮಜ್ಜಿಗೆ, ಹಾಲಿನ ಕಪಾಟಿನಲ್ಲೇ ಬಾಟಲಿಯಲ್ಲಿ ಇರುತ್ತದೆ. ಮಜ್ಜಿಗೆಹುಳಿಗೆ ನೇರವಾಗಿ ಸುರಿಯಿರಿ. ತುಪ್ಪವನ್ನು ಅಲ್ಲೇ ಕಾಯಿಸಿ. "ಬ್ಯೋರ್ ದೂ" ಅಂದರೆ ಉಪ್ಪಿಲ್ಲದ ಬೆಣ್ಣೆ. "ದೆಮಿ-ಸೆಲ್" ತಂದರೆ ಉಪ್ಪು ತುಪ್ಪ ತಿನ್ನಬೇಕಾಗುತ್ತದೆ. 250 ಗ್ರಾಂ ಕಟ್ಟು ಕಾಯಿಸಿದರೆ ಸುಮಾರು 200 ಗ್ರಾಂ ತುಪ್ಪ, ಹನ್ನೆರಡು ದಿನಕ್ಕೆ ಸಾಕು. ಕಾಯಿಸುವಾಗಲೂ ಒಗ್ಗರಣೆ ಸಿಡಿಸುವಾಗಲೂ ಕಿಟಕಿ ತೆಗೆದಿರಿ. 2015ರಿಂದ ಅಲ್ಲಿ ಪ್ರತಿ ಮನೆಗೂ ಹೊಗೆ ಗಂಟೆ ಕಡ್ಡಾಯ. ಬ್ಯಾಡಗಿ ಮೆಣಸಿನಕಾಯಿಯ ಹೊಗೆಯನ್ನು ಅದು ಮನೆಗೆ ಬೆಂಕಿ ಬಿದ್ದಿದೆ ಅಂತಲೇ ತಿಳಿಯುತ್ತದೆ.

ಈಗ ಅತ್ತೆಯವರ ಕಡೆಯಿಂದ ಮುಖ್ಯವಾದದ್ದು. ಫ್ರಾನ್ಸ್‌ನ ಹೆಸರಾಂತ ಚೀಸ್‌ಗಳಾದ ಕಾಂತೆ, ರೋಕ್‌ಫೋರ್, ಬ್ರೀ ದ ಮೋ ಇವೆಲ್ಲಕ್ಕೂ ಹಾಲು ಒಡೆಸಲು ಹಾಕುವುದು "ಪ್ರೆಝ್ಯೂರ್", ಕರುವಿನ ಜಠರದಿಂದ ತೆಗೆದ ವಸ್ತು. ಕಣ್ಣಿಗೆ ಬರೀ ಹಾಲಿನದಾಗಿ ಕಾಣುತ್ತದೆ, ಶುದ್ಧ ಸಸ್ಯಾಹಾರಿಗಳಿಗೆ ಅಲ್ಲ. ಗಟ್ಟಿ ಮೊಸರಿನಂತಿರುವ "ಫ್ರೊಮಾಜ್ ಬ್ಲಾಂ"ನಲ್ಲೂ ಅದು ಬಹಳ ಸಲ ಇರುತ್ತದೆ. ಹಾಗಾಗಿ ಮೊಸರಿಗೆ ಯಾವೂರ್ತ್ ಒಂದನ್ನೇ ನಂಬಿ, ಅದರಲ್ಲೂ ಸಿಹಿ-ಹಣ್ಣು ಸೇರಿದವನ್ನು ಬಿಡಿ, ಕೆಲವಕ್ಕೆ ಪ್ರಾಣಿಮೂಲದ ಝೆಲಾತಿನ್ ಹಾಕುತ್ತಾರೆ. ಬ್ರೆಡ್ಡಿನಲ್ಲಿ ಬಾಗೆತ್‌ಗೆ ಭಯವಿಲ್ಲ. "ತ್ರಾದಿಸ್ಯೋಂ" ಅಂತ ಕೇಳಿ ತೆಗೆದುಕೊಳ್ಳಿ. ಆ ಹೆಸರಿನ ಬ್ರೆಡ್ಡಿನ ಹಿಟ್ಟಿಗೆ ಬೇರೆ ರಾಸಾಯನಿಕ ಬೆರೆಸುವಂತಿಲ್ಲ ಅಂತ 1993ರ ಸರ್ಕಾರಿ ಆದೇಶವೇ ಇದೆ. ಬಾಗೆತ್ ಮಾಡುವ ಕಸುಬನ್ನು 2022ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿಸಿದರು. ಬ್ರಿಯೋಶ್, ಮಾದ್‌ಲೆನ್, ಕೇಕುಗಳಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಕ್ರ್ವಾಸಾಂ ಮೇಲಿನ ಹೊಳಪು ಹೆಚ್ಚಾಗಿ ಮೊಟ್ಟೆ ಸವರಿದ್ದು. ತರಕಾರಿ ಪೇಸ್ಟ್ರಿ ಅಂತ ಕಂಡರೂ ಸಣ್ಣಗೆ ಹೆಚ್ಚಿದ ಗುಲಾಬಿ ಚೂರುಗಳಿದ್ದರೆ ಅದು "ಲಾರ್ದೋಂ", ಹಂದಿಮಾಂಸ.

ಇನ್ನೊಂದು, ಅಲಿಗ್ರ್‌ನಲ್ಲಿ ಎರಡು ಭಾಗ. ರಸ್ತೆಯ ಉದ್ದಕ್ಕೂ ತರಕಾರಿ-ಹಣ್ಣು. ಪಕ್ಕದ ಹಳೆಯ ಚಾವಣಿ ಮಾರುಕಟ್ಟೆಯ ಒಳಗೆ ಚೀಸು, ಮೀನು, ಮಾಂಸ, ತಲೆ ಸಮೇತ ನೇತುಹಾಕಿದ ಕೋಳಿಗಳು. ಅತ್ತೆಯವರನ್ನು ರಸ್ತೆಯಲ್ಲೇ ಸುತ್ತಾಡಿಸಿ. ಚೌಕದಲ್ಲಿ ಕಾಳು-ಬೇಳೆಗಳನ್ನು ಚೀಲಗಳಿಂದ ಬಿಡಿಯಾಗಿ ತೂಗಿ ಕೊಡುವ ಹಳೆಯ ಅಂಗಡಿ ಒಂದಿದೆ, ಅಲ್ಲಿ ಅವರಿಗೆ ಅರ್ಧ ಗಂಟೆ ಸಂತೋಷವಾಗಿ ಹೋಗುತ್ತದೆ.

ಕರಿಬೇವು, ನುಗ್ಗೆಕಾಯಿ, ತೊಗರಿಬೇಳೆ, ತುರಿದ ತೆಂಗು ಬೇಕೆಂದಾಗ ಬ್ಯಾಸ್ಟಿಲ್‌ನಿಂದ ಮೆಟ್ರೊ 5ನೇ ಲೈನು ಹಿಡಿದರೆ ನೇರ ಗಾರ್ ದ್ಯು ನೋರ್. ಅಲ್ಲಿಂದ ಐದು ನಿಮಿಷ ನಡೆದರೆ ಲಾ ಶಾಪೆಲ್. 1983ರ ಗಲಭೆಯ ನಂತರ ಶ್ರೀಲಂಕಾ ಬಿಟ್ಟು ಬಂದ ತಮಿಳರು ಕಟ್ಟಿಕೊಂಡ ಪೇಟೆ ಅದು. ಫೋಬೂರ್ ಸಾಂ-ದೆನಿ ರಸ್ತೆಯಲ್ಲಿ ಅಂಗಡಿಗೆ ಅಂಗಡಿ ಅಂಟಿಕೊಂಡಿವೆ, ಇಡ್ಲಿ ಅಕ್ಕಿಯಿಂದ ವೀಳ್ಯದೆಲೆವರೆಗೆ ಎಲ್ಲ ಸಿಗುತ್ತದೆ. ಅರೆಬರೆ ತಮಿಳು ಬಂದರೆ ಫ್ರೆಂಚ್ ಬೇಕಿಲ್ಲ. ಅಲ್ಲಿಗೆ ಹತ್ತಿರದ ಪಜೋಲ್ ರಸ್ತೆಯಲ್ಲಿ ಮಾಣಿಕ್ಕ ವಿನಾಯಕರ್ ದೇವಸ್ಥಾನವಿದೆ. ನವರಾತ್ರಿಯಲ್ಲಿ ಹೋಗುತ್ತಿರುವುದರಿಂದ ಅತ್ತೆಯವರಿಗೆ ಹೇಳಿಡಿ. ಆದರೆ ದಿನದಿನವೂ ಅಲ್ಲಿಗೇ ಓಡಬೇಡಿ. ವಾರಕ್ಕೊಮ್ಮೆ ಸಾಕು.

ಹೊತ್ತೊಯ್ಯುವುದು ಕಡಿಮೆ ಇರಲಿ. ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ, ಇಂಗು, ಸಾಸಿವೆ, ಅವಲಕ್ಕಿ ಸಾಕು. ಯುರೋಪ್ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥ ಯಾವುದನ್ನೂ ಪ್ರಯಾಣಿಕರು ತರುವಂತಿಲ್ಲ. ತುಪ್ಪ, ಪೇಡ, ಖೋವಾ ಎಲ್ಲ ಇದರಲ್ಲಿ ಸೇರಿದವು. ಮೈಸೂರ್ ಪಾಕ್ ಸೇರುತ್ತದೋ ಇಲ್ಲವೋ ಎಂಬ ವಾದಕ್ಕೆ ಕಸ್ಟಮ್ಸ್ ಕೌಂಟರ್ ಸರಿಯಾದ ಜಾಗವಲ್ಲ, ಮನೆಯಲ್ಲೇ ತಿಂದು ಹೊರಡಿ. ಹಸಿ ಹಣ್ಣು, ತರಕಾರಿ, ಸೊಪ್ಪುಗಳಿಗೆ ರೋಗಮುಕ್ತ ಅಂತ ಸರ್ಕಾರಿ ಪ್ರಮಾಣಪತ್ರ ಬೇಕು. ಬಾಳೆ, ತೆಂಗು, ಅನಾನಸ್, ಖರ್ಜೂರ, ಡೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಅಂದರೆ ನಂಜನಗೂಡು ರಸಬಾಳೆ ಒಯ್ಯಬಹುದು, ಕರಿಬೇವಿನ ಒಂದು ಎಸಳು ಒಯ್ಯುವಂತಿಲ್ಲ. ಒಣಕೊಬ್ಬರಿಯನ್ನು ಬೆಂಕಿ ಹತ್ತುವ ವಸ್ತು ಅಂತ ವಿಮಾನದವರೇ ಬಿಡುವುದಿಲ್ಲ. ಸಣ್ಣ ಕುಕ್ಕರ್ ಒಯ್ಯುವ ಆಸೆಯಿದ್ದರೆ ಮೊದಲು ಫ್ಲ್ಯಾಟ್ ಮಾಲೀಕರನ್ನು ಒಲೆ ಯಾವುದು ಅಂತ ಕೇಳಿ. ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ. ಫ್ರಿಜ್ಜಿನ ಮೇಲಿನ ಅಯಸ್ಕಾಂತ ತಂದು ಕುಕ್ಕರ್ ತಳಕ್ಕೆ ಹಿಡಿಯಿರಿ, ಅಂಟಿದರೆ ಒಯ್ಯಿರಿ. ನೀರಿಗೆ ದುಡ್ಡು ಕೊಡಬೇಡಿ, ನಲ್ಲಿಯ ನೀರೇ ಕುಡಿಯುತ್ತಾರೆ.

ಕೊನೆಯದಾಗಿ, ನೀವು ಇಳಿಯುವ ದಿನದ ಬಗ್ಗೆ. ಭಾನುವಾರ ಸಂಜೆಗೆ ಸಂತೆ ಎದ್ದಿರುತ್ತದೆ, ಸೂಪರ್‌ಮಾರ್ಕೆಟ್‌ಗಳಲ್ಲೂ ಹಲವು ಮಧ್ಯಾಹ್ನಕ್ಕೇ ಮುಚ್ಚುತ್ತವೆ. ಮರುದಿನ ಸೋಮವಾರ ಅಲಿಗ್ರ್‌ಗೆ ರಜೆ, ಬೇಕರಿಗಳಲ್ಲೂ ಕೆಲವು ಸೋಮವಾರ ತೆರೆಯುವುದಿಲ್ಲ. ಆ ರಾತ್ರಿಗೂ ಬೆಳಗಿಗೂ ಅವಲಕ್ಕಿ ಅರ್ಧ ಕಿಲೋ ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸ್ ತಡವಾಗಿ ಬಂದರೂ ಹಸಿದಿರಬೇಕಾಗಿಲ್ಲ. ಸೋಮವಾರ ಸೂಪರ್‌ಮಾರ್ಕೆಟ್‌ನಿಂದ ಹಾಲು, ಬೆಣ್ಣೆ, ಲಾಂತಿಯ್ ಕೊರಾಯ್, ಗುಂಡಕ್ಕಿ ತಂದುಕೊಂಡು ತುಪ್ಪ ಕಾಯಿಸಿಡಿ. ಮಂಗಳವಾರ ಬೆಳಿಗ್ಗೆ ಎಂಟೂವರೆಗೆ, ಜನ ಸೇರುವ ಮೊದಲು, ಬಟ್ಟೆಚೀಲ ಹಿಡಿದು ಅಲಿಗ್ರ್ ಕಡೆ ಹೊರಡಿ.